ಮೋಟಾರು ಸುಟ್ಟಾಗ: ರಿಪೇರಿಯೋ, ಹೊಸದೋ?

(ವೀರನಹೊಸಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಮಗೆ ಕೊಟ್ಟಿರುವ ವಿಷಯ ‘ಸಂಘದ ಸಾಲದ ಸದ್ಬಳಕೆ’. ಈ ವಿಷಯದ ಮೇಲೆ ನೀವು ಎಷ್ಟೋ ಭಾಷಣ ಕೇಳಿದ್ದೀರಿ. ನಾವೂ ಎಷ್ಟೋ ಮಾಡಿದ್ದೇವೆ. ಆದ್ದರಿಂದ ಇವತ್ತು ದೊಡ್ಡ ಮಾತು ಬೇಡ. ಒಂದೇ ಒಂದು ವಸ್ತುವಿನ ಬಗ್ಗೆ ಮಾತಾಡೋಣ: ಬೋರಿನೊಳಗೆ ಬಿಟ್ಟಿರುವ ಮೋಟಾರು. ಬೇಸಿಗೆ ಬಂತೆಂದರೆ ನಮ್ಮ ಸಂಘಗಳಿಗೆ ಬರುವ ಸಾಲದ ಅರ್ಜಿಗಳಲ್ಲಿ ಇದು ತಪ್ಪದೆ ಇರುತ್ತದೆ. “ಸಿಸ್ಟ್ರೆ, ಮೋಟ್ರು ಸುಟ್ಟೋಯ್ತು. ಕಟ್ಟಿಸೋದಾ, ಹೊಸದು ತರೋದಾ?”

ಈ ಪ್ರಶ್ನೆಗೆ ನಾವು ಒಮ್ಮೆ ತಪ್ಪು ಉತ್ತರ ಕೊಟ್ಟೆವು. ಅದನ್ನು ಮುಚ್ಚಿಡದೆ ಹೇಳುತ್ತೇವೆ. ನಮ್ಮ ತಪ್ಪಿನಿಂದ ನಿಮಗೆ ಒಂದಿಷ್ಟು ದುಡ್ಡು ಉಳಿದರೆ ಅಷ್ಟೇ ಸಾಕು.

ಐದು ಮನೆಯ ಬೋರು

ಈ ಕಾಡಂಚಿನಲ್ಲಿ ಐದು ಕುಟುಂಬಗಳು ಸೇರಿ ಒಂದು ಬೋರಿನ ನೀರು ಹಂಚಿಕೊಂಡು ಬೆಳೆ ಮಾಡುತ್ತಿದ್ದರು. ಊರಿನ ಹೆಸರು, ಜನರ ಹೆಸರು ಹೇಳುವುದು ಬೇಡ. ಗಂಗಾ ಕಲ್ಯಾಣ ಯೋಜನೆಯಲ್ಲಿ ಕೊರೆದ ಸಾಮೂಹಿಕ ಬೋರುಗಳು ನಿಮಗೆ ಗೊತ್ತಿದೆ. ಅದೇ ರೀತಿಯ ವ್ಯವಸ್ಥೆ. ಐದು ಎಚ್‌.ಪಿ. ಮೋಟಾರು. ರಾಗಿ ಮಳೆಗೆ ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ಬೋರಿನ ನೀರಿಗೆ ಟೊಮೆಟೊ, ಮೆಣಸಿನಕಾಯಿ, ಸ್ವಲ್ಪ ಶುಂಠಿ.

ಮೋಟಾರು ಒಂದು ಸಲ ಸುಟ್ಟಿತು. ಎತ್ತಿಸಿ, ಪೇಟೆಗೆ ಒಯ್ದು ಕಾಯಿಲ್ ಕಟ್ಟಿಸಿದರು. ಮರುವರ್ಷ ಮತ್ತೆ ಸುಟ್ಟಿತು. ಮತ್ತೆ ಕಟ್ಟಿಸಿದರು. ಮೂರನೇ ಸಲ ಸುಟ್ಟಾಗ ಎಲ್ಲರಿಗೂ ಸಾಕಾಯಿತು. “ಈ ಮೋಟ್ರಿಗೆ ಆಯಸ್ಸು ಮುಗಿದದೆ” ಅಂತ ತೀರ್ಮಾನಿಸಿ ಹೊಸದಕ್ಕೆ ಸಂಘದಲ್ಲಿ ಸಾಲ ಕೇಳಿದರು. ಆ ಸಭೆಗೆ ನಾವೂ ಹೋಗಿದ್ದೆವು. ಬೆಳೆ ಒಣಗುತ್ತಿದೆ, ಬೇಗ ಕೊಡಿ ಎಂದೆವು.

ಆ ಸಭೆಯಲ್ಲಿ ಹಿಂದೆ ಕೂತಿದ್ದ ಒಬ್ಬ ವಯಸ್ಸಾದ ತಾಯಿ ಒಂದೇ ಮಾತು ಕೇಳಿದರು: “ಸಿಸ್ಟ್ರೆ, ಹೊಸದು ತಂದ್ರೂವೆ ಅದೇ ಬಾವಿಗೆ ತಾನೆ ಬುಡೋದು?”

ಸಭೆಯಲ್ಲಿ ನಕ್ಕರು. ನಾವೂ, “ಹಳೇದಕ್ಕೆ ವಯಸ್ಸಾಗಿದೆ ಅಮ್ಮ, ಹೊಸದು ಚೆನ್ನಾಗಿ ನಡೀತದೆ” ಎಂದು ಸಮಾಧಾನ ಹೇಳಿ ಕೂರಿಸಿದೆವು. ಸಮಾಜಕಾರ್ಯದಲ್ಲಿ ಎಂ.ಎ. ಓದಿದವರು ನಾವು. ಜನರ ಅನುಭವಕ್ಕೆ ಕಿವಿಗೊಡಬೇಕು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು. ಆವತ್ತು ಕಿವಿಗೊಡಲಿಲ್ಲ.

ಹೊಸ ಮೋಟಾರು ಬಂತು, ಪೂಜೆ ಆಯಿತು, ನೀರು ಬಂತು. ಅದೇ ಬೇಸಿಗೆ ಮುಗಿಯುವುದರೊಳಗೆ ಅದೂ ಸುಟ್ಟಿತು. ಗ್ಯಾರಂಟಿ ಇದೆಯಲ್ಲ ಎಂದು ಒಯ್ದರೆ, ನೀರಿಲ್ಲದೆ ಓಡಿ ಸುಟ್ಟಿದೆ, ಇದಕ್ಕೆ ಗ್ಯಾರಂಟಿ ಬರುವುದಿಲ್ಲ ಎಂದರು. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಟೊಮೆಟೊ ಹೋಯಿತು. ಸಾಲ ಉಳಿಯಿತು. ಐದರಲ್ಲಿ ಒಂದು ಮನೆಯವರು ಕಂತು ಕಟ್ಟಲು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟರು, ಮಕ್ಕಳನ್ನೂ ಕರೆದುಕೊಂಡು. ಆರನೇ ಕ್ಲಾಸಿನ ಹುಡುಗಿಯ ಹಾಜರಾತಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಿ ಬಿತ್ತು. ಮೋಟಾರಿನ ವಿಷಯ ಬರೀ ಮೋಟಾರಿನ ವಿಷಯ ಅಲ್ಲ ಅಂತ ನಮಗೆ ಅರ್ಥವಾದದ್ದು ಆಗ.

ಸುಟ್ಟದ್ದು ಯಾಕೆ?

ಆಮೇಲೆ ನಾವು ಒಬ್ಬ ಅನುಭವಿ ಮೆಕ್ಯಾನಿಕ್ಕನ್ನು ಕರೆದುಕೊಂಡು ಬೋರಿನ ಹತ್ತಿರವೇ ಹೋದೆವು. ಅವರು ಮೋಟಾರು ನೋಡುವ ಮೊದಲು ಜನರನ್ನು ಕೇಳಿದರು. ಕರೆಂಟ್ ಯಾವಾಗ ಬರುತ್ತದೆ? ಸ್ಟಾರ್ಟರ್ ಯಾರು ಒತ್ತುತ್ತಾರೆ? ನೀರು ಎಷ್ಟು ಹೊತ್ತು ಬರುತ್ತದೆ?

ಉತ್ತರ ಹೀಗೆ ಬಂತು. ತ್ರೀ ಫೇಸ್ ಕರೆಂಟ್ ಎಷ್ಟೋ ದಿನ ರಾತ್ರಿ ಪಾಳಿಯಲ್ಲಿ ಬರುತ್ತದೆ. ರಾತ್ರಿ ಹೊಲಕ್ಕೆ ಹೋಗಲು ಆನೆಯ ಭಯ. ವೀರನಹೊಸಹಳ್ಳಿಯ ಆನೆ ಎಂದರೆ ಹೊರಗಿನವರಿಗೆ ದಸರಾದ ಗಜಪಯಣ, ಹೂವಿನ ಹಾರ. ನಮಗೆ ರಾತ್ರಿ ಬೆಳೆಗೆ ನುಗ್ಗುವ ಆನೆಯೂ ಗೊತ್ತು. ಆದ್ದರಿಂದ ಸ್ಟಾರ್ಟರಿಗೆ ಆಟೋ ಹಾಕಿದ್ದರು. ಕರೆಂಟ್ ಬಂದಾಗ ಮೋಟಾರು ತಾನೇ ಶುರುವಾಗುತ್ತದೆ, ಹೋದಾಗ ನಿಲ್ಲುತ್ತದೆ. ಮನುಷ್ಯ ಹೊಲದಲ್ಲಿ ಇರಬೇಕಾಗಿಲ್ಲ. ಪ್ರಾಣ ಉಳಿಸಿಕೊಳ್ಳಲು ಮಾಡಿದ ಉಪಾಯ ಅದು. ಅದನ್ನು ಸೋಮಾರಿತನ ಎಂದು ಯಾರೂ ಬೈಯಬೇಡಿ.

ಆದರೆ ಬೋರಿನಲ್ಲಿ ಬೇಸಿಗೆಯಲ್ಲಿ ನೀರು ಎಷ್ಟಿತ್ತು? ಹಗಲು ಹೊತ್ತು ಗಡಿಯಾರ ಹಿಡಿದು ನೋಡಿದೆವು. ಸುಮಾರು ನಲವತ್ತು ನಿಮಿಷ ತುಂಬು ನೀರು. ಆಮೇಲೆ ಗ್ಯಾಪ್ ಕೊಡಲು ಶುರು, ನೀರಿನ ಜೊತೆ ಗಾಳಿ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಊರುತ್ತದೆ. ಹಗಲಲ್ಲಿ ಆಗಿದ್ದರೆ ಯಾರಾದರೂ ನೋಡಿ ನಿಲ್ಲಿಸುತ್ತಿದ್ದರು. ರಾತ್ರಿ ಗಂಟೆಗಟ್ಟಲೆ ಮೋಟಾರು ಗಾಳಿ ಎಳೆಯುತ್ತಾ ಒಬ್ಬಂಟಿಯಾಗಿ ಓಡುತ್ತಿತ್ತು.

ಬೋರಿನ ಮೋಟಾರಿಗೆ ಫ್ಯಾನ್ ಇಲ್ಲ. ಅದರ ಮೈಮೇಲೆ ಹರಿದು ಹೋಗುವ ನೀರೇ ಅದನ್ನು ತಣ್ಣಗಿಡುವುದು. ನೀರು ಹರಿಯದಿದ್ದರೆ ಬಿಸಿ ಏರುತ್ತದೆ. ಮೊದಲು ಕೆಳಗಿನ ಬೇರಿಂಗ್ ಸವೆಯುತ್ತದೆ, ಆಮೇಲೆ ಕಾಯಿಲ್ ಸುಡುತ್ತದೆ. ಇಂಜಿನಿಯರುಗಳು ಒಂದು ಅಂದಾಜು ಸೂತ್ರ ಹೇಳುತ್ತಾರೆ: ಮೋಟಾರಿನ ಬಿಸಿ ತಾಳುವ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಂತೆ ಕಾಯಿಲ್‌ನ ಹೊದಿಕೆಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ.

ಸ್ಟಾರ್ಟರ್ ಪೆಟ್ಟಿಗೆ ತೆರೆದರೆ ಇನ್ನೊಂದು ಕಂಡಿತು. ಪದೇಪದೇ ಫ್ಯೂಸ್ ಹೋಗುತ್ತದೆ ಎಂದು ದಪ್ಪ ತಂತಿ ಸುತ್ತಿದ್ದರು. ಫ್ಯೂಸ್ ಎಂದರೆ ಮನೆ ಕಾಯುವ ನಾಯಿ ಇದ್ದ ಹಾಗೆ. ಬೊಗಳುತ್ತದೆ ಅಂತ ಬಾಯಿ ಕಟ್ಟಿದರೆ ಕಳ್ಳ ಬರುವುದು ನಿಲ್ಲುವುದಿಲ್ಲ.

ಅಂದರೆ ಮೂರು ಸಲ ಸುಟ್ಟದ್ದು ಹಳೇ ಮೋಟಾರಿನ ತಪ್ಪಲ್ಲ. ನಾಲ್ಕನೇ ಸಲ ಸುಟ್ಟದ್ದು ಹೊಸ ಮೋಟಾರಿನ ತಪ್ಪೂ ಅಲ್ಲ. ಆ ತಾಯಿ ಹೇಳಿದ್ದೇ ಸರಿ. ಹೊಸದನ್ನೂ ಅದೇ ಬಾವಿಗೆ ಬಿಟ್ಟಿದ್ದೆವು.

ಕಡಲಿನಲ್ಲೂ ಇದೇ ಪಾಠ

ನಾವು ಕೆಲವು ವರ್ಷ ಕರಾವಳಿಯಲ್ಲಿ ಮೀನುಗಾರರ ಮಧ್ಯೆ ಕೆಲಸ ಮಾಡಿದ್ದೆವು. ಅಲ್ಲಿ ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಇರುತ್ತದೆ. ಅಲ್ಲಿನ ಹೆಣ್ಣುಮಕ್ಕಳೂ ಸಂಘದಲ್ಲಿ ಇದೇ ಪ್ರಶ್ನೆ ಕೇಳುತ್ತಿದ್ದರು, ರಿಪೇರಿಯೋ ಹೊಸದೋ ಎಂದು. ಆ ಎಂಜಿನ್ ಕೂಡ ತಣ್ಣಗಾಗುವುದು ನೀರಿನಿಂದಲೇ. ಒಳಗೆ ರಬ್ಬರಿನ ಒಂದು ಸಣ್ಣ ಚಕ್ರ ಸಮುದ್ರದ ನೀರನ್ನು ಎಳೆದು ಎಂಜಿನ್ನಿನ ಸುತ್ತ ಹರಿಸಿ ಹೊರಗೆ ಬಿಡುತ್ತದೆ. ಎಂಜಿನ್ ಓಡುವಾಗ ಪಕ್ಕದಲ್ಲಿ ಸಣ್ಣ ಧಾರೆ ಚಿಮ್ಮುತ್ತಿರಬೇಕು. ಅನುಭವಿ ಮೀನುಗಾರ ದೋಣಿ ಬಿಡುವ ಮೊದಲು ಆ ಧಾರೆಯನ್ನು ನೋಡುತ್ತಾನೆ. ಧಾರೆ ನಿಂತರೆ, ಸುತ್ತ ಸಮುದ್ರವೇ ಇದ್ದರೂ ಎಂಜಿನ್ ಬೆಂದು ಹಿಡಿದುಕೊಳ್ಳುತ್ತದೆ. ಉಪ್ಪು ಒಳಗೆ ಕಟ್ಟಿಕೊಳ್ಳದ ಹಾಗೆ ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವುದೂ ಅಲ್ಲಿಯ ಪದ್ಧತಿ. ಹಾಗೆ ಮಾಡದವರಿಗೆ ಹೊಸ ಎಂಜಿನ್ ತಂದುಕೊಟ್ಟರೂ ಅದು ಬೇಗ ಹಳೆಯದಾಗುತ್ತದೆ.

ಆದರೆ ಅಲ್ಲಿ ಹೊಸದು ಕೊಳ್ಳುವುದೇ ಸರಿಯಾದ ಸಂದರ್ಭವೂ ಉಂಟು. ಸೀಮೆಎಣ್ಣೆ ಎಂಜಿನ್‌ಗೆ ಸಬ್ಸಿಡಿ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. 2023ರ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬದಲಿಸಿ ಪೆಟ್ರೋಲ್ ಎಂಜಿನ್ ಹಾಕಿಕೊಳ್ಳಲು ದೋಣಿಗೆ 50,000 ರೂ. ಸಹಾಯಧನ ಪ್ರಕಟಿಸಿದರು. ಎಂಜಿನ್ ಗಟ್ಟಿಯಾಗಿದ್ದರೂ ಅದಕ್ಕೆ ಹಾಕುವ ಎಣ್ಣೆಯೇ ಸಿಗದಿದ್ದರೆ ರಿಪೇರಿ ಮಾಡಿಸಿ ಏನು ಪ್ರಯೋಜನ? ಕಡಲಿನ ನಡುವೆ ಎಂಜಿನ್ ನಿಂತರೆ ದೋಣಿಯಲ್ಲಿರುವವರ ಜೀವವೇ ಅಪಾಯದಲ್ಲಿ. ಹಾಗಾಗಿ ‘ಯಾವಾಗಲೂ ರಿಪೇರಿ ಮಾಡಿಸಿ’ ಎಂದೂ ನಾವು ಹೇಳುವುದಿಲ್ಲ, ‘ಯಾವಾಗಲೂ ಹೊಸದು ತನ್ನಿ’ ಎಂದೂ ಹೇಳುವುದಿಲ್ಲ. ಮೊದಲು ಕಾರಣ ಕೇಳಿ, ಆಮೇಲೆ ಲೆಕ್ಕ ಹಾಕಿ.

ಎತ್ತುವ ಮೊದಲು ಮೇಲೆ ನೋಡಿ

ಮೋಟಾರು ನಿಂತ ಕೂಡಲೇ ಎತ್ತುವವರಿಗೆ ಫೋನ್ ಮಾಡಬೇಡಿ. ಎತ್ತಿ ಇಳಿಸುವುದಕ್ಕೇ ಸಾವಿರಾರು ರೂಪಾಯಿ. ಮೆಕ್ಯಾನಿಕ್ ಮೆಗ್ಗರ್ ಎಂಬ ಮೀಟರ್ ತಂದರೆ, ಮೋಟಾರು ಒಳಗಿದ್ದ ಹಾಗೆಯೇ ಕೇಬಲ್ಲಿನ ತುದಿಯಿಂದ ಕಾಯಿಲ್ ಸುಟ್ಟಿದೆಯೋ ಇಲ್ಲವೋ ಬಹುಮಟ್ಟಿಗೆ ಹೇಳಬಹುದು. ಎಷ್ಟೋ ಸಲ ತೊಂದರೆ ಇರುವುದು ಸ್ಟಾರ್ಟರಿನಲ್ಲಿ, ರಿಲೇಯಲ್ಲಿ ಅಥವಾ ಕೇಬಲ್ಲಿನ ಜಾಯಿಂಟಿನಲ್ಲಿ.

ಮೂರು ಫೇಸೂ ಬರುತ್ತಿದೆಯೇ ನೋಡಿಸಿ. ಒಂದು ಫೇಸ್ ಹೋಗಿ ಎರಡರಲ್ಲೇ ಓಡಿದರೆ ಉಳಿದ ಕಾಯಿಲ್‌ಗಳ ಮೇಲೆ ಭಾರ ಬಿದ್ದು ಮೋಟಾರು ಸುಡುತ್ತದೆ. ಕನ್ವರ್ಟರ್ ಹಾಕಿ ತ್ರೀ ಫೇಸ್ ಮೋಟಾರನ್ನು ಕಡಿಮೆ ಫೇಸಿನಲ್ಲಿ ಓಡಿಸುವವರು ಇದನ್ನು ನೆನಪಿಡಬೇಕು. ವೋಲ್ಟೇಜ್ ಇಳಿದಾಗಲೂ ಅಷ್ಟೇ. ಎತ್ತು ಬಡಕಲಾದರೆ ಅದೇ ಗಾಡಿ ಎಳೆಯಲು ಹೆಚ್ಚು ಏದುಸಿರು ಬಿಡುವ ಹಾಗೆ, ವೋಲ್ಟೇಜ್ ಕಡಿಮೆಯಾದರೆ ಮೋಟಾರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ.

ಟಿ.ಸಿ. ಕಂಬಕ್ಕೆ ನೀವು ಹತ್ತಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಲೈನ್‌ಮನ್‌ಗೆ ಹೇಳಿ, ಸಿಗದಿದ್ದರೆ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ. ಒಂದು ಬೆಳೆ ಹೋದರೆ ಇನ್ನೊಂದು ಬೆಳೆಯಬಹುದು.

ನೀರು ಕಡಿಮೆಯಾದರೆ ಮೋಟಾರಿನದೇ ತಪ್ಪಲ್ಲ

ಒಂದು 200 ಲೀಟರ್ ಡ್ರಮ್ ಇಟ್ಟು, ತುಂಬಲು ಎಷ್ಟು ನಿಮಿಷ ಬೇಕು ಎಂದು ತಿಂಗಳಿಗೊಮ್ಮೆ ಬರೆದಿಡಿ. ಗ್ಯಾಪ್ ಇಲ್ಲದೆ ಧಾರೆ ಮಾತ್ರ ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತಿದ್ದರೆ, ಪಂಪಿನೊಳಗಿನ ಚಕ್ರಗಳು ಮರಳಿಗೆ ಸವೆದಿರಬಹುದು, ಪೈಪ್ ತೂತಾಗಿರಬಹುದು, ಇಲ್ಲವೇ ನೀರಿನ ಮಟ್ಟ ಕೆಳಗಿಳಿದಿರಬಹುದು. ಮೋಟಾರು ಬೇರೆ, ಪಂಪು ಬೇರೆ. ಎರಡನ್ನೂ ಸೇರಿಸಿ ‘ಮೋಟ್ರು’ ಎನ್ನುವ ಅಭ್ಯಾಸದಿಂದ ಚೆನ್ನಾಗಿರುವುದನ್ನೂ ಎಸೆದವರಿದ್ದಾರೆ.

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಆಂಪಿಯರ್ ಮುಳ್ಳು ಇರುತ್ತದೆ. ನೀರು ತುಂಬಿ ಬರುವ ಒಳ್ಳೆಯ ದಿನ ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಮುಳ್ಳು ಗೆರೆಗಿಂತ ಬಹಳ ಕೆಳಗೆ ಬಂದರೆ ಗಾಳಿ ಎಳೆಯುತ್ತಿರಬಹುದು. ಬಹಳ ಮೇಲೆ ಹೋದರೆ ವೋಲ್ಟೇಜ್ ಇಳಿದಿರಬಹುದು, ಫೇಸ್ ಹೋಗಿರಬಹುದು ಅಥವಾ ಏನೋ ಹಿಡಿದುಕೊಂಡಿರಬಹುದು. ಓದು ಬರಹ ಬಾರದವರಿಗೂ ಈ ಗೆರೆ ಅರ್ಥವಾಗುತ್ತದೆ.

ಲೆಕ್ಕ ಹಾಕೋಣ

ಇಲ್ಲಿ ಹೇಳುವ ಅಂಕಿಗಳು ಲೆಕ್ಕ ಕಲಿಯಲು ಮಾತ್ರ, ದರಪಟ್ಟಿ ಅಲ್ಲ. ನಿಮ್ಮ ಪೇಟೆಯ ದರ ಕೇಳಿ ನೀವೇ ತುಂಬಿಸಿ.

ಕಾಯಿಲ್ ಕಟ್ಟಿಸಲು 7,000, ಎತ್ತಿ ಇಳಿಸಲು 4,000, ಆಟೋ ಬಾಡಿಗೆ 500. ಒಟ್ಟು 11,500 ರೂ. ಎಂದಿಟ್ಟುಕೊಳ್ಳಿ. ಹೊಸದಾದರೆ ಮೋಟಾರು ಪಂಪು ಸೇರಿ 30,000, ಎತ್ತಿ ಇಳಿಸಲು 4,000, ಬಾಡಿಗೆ 500. ಒಟ್ಟು 34,500 ರೂ.

ಕಾರಣ ಸರಿಪಡಿಸದೆ ಕಟ್ಟಿಸಿದರೆ ಒಂದೇ ವರ್ಷ ಬರುತ್ತದೆ: ವರ್ಷಕ್ಕೆ 11,500. ಕಾರಣ ಸರಿಪಡಿಸದೆ ಹೊಸದು ತಂದರೂ ಒಂದೇ ವರ್ಷ: ವರ್ಷಕ್ಕೆ 34,500! ಕಾರಣ ಸರಿಪಡಿಸಲು 3,500 ರೂ. ಹಾಕಿ, ಹಳೆಯದನ್ನೇ ಕಟ್ಟಿಸಿ ಮೂರು ವರ್ಷ ಓಡಿಸಿದರೆ ಒಟ್ಟು 15,000, ವರ್ಷಕ್ಕೆ 5,000. ಕಾರಣ ಸರಿಪಡಿಸಿ ಹೊಸದು ತಂದು ಎಂಟು ವರ್ಷ ಓಡಿಸಿದರೆ ಒಟ್ಟು 38,000, ವರ್ಷಕ್ಕೆ ಸುಮಾರು 4,750. ನೋಡಿ, ರಿಪೇರಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಚಿಕ್ಕದು. ಕಾರಣ ಹುಡುಕುವುದಕ್ಕೂ ಹುಡುಕದಿರುವುದಕ್ಕೂ ಇರುವ ವ್ಯತ್ಯಾಸವೇ ದೊಡ್ಡದು.

ಕರೆಂಟ್ ಬಿಲ್ ಈ ಲೆಕ್ಕದಲ್ಲಿ ಇಲ್ಲ. ನಮ್ಮ ರಾಜ್ಯದಲ್ಲಿ 2008ರಿಂದ 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ. ಹಾಗಾಗಿ ಸವೆದ ಪಂಪು ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದು ನಮ್ಮ ಜೇಬಿಗೆ ಗೊತ್ತಾಗುವುದಿಲ್ಲ. ಆದರೆ ಐದು ಎಚ್‌.ಪಿ. ಮೋಟಾರು ಏಳು ಗಂಟೆ ಓಡಿದರೆ ಹತ್ತಿರ ಹತ್ತಿರ 35 ಯೂನಿಟ್. ಒಂದೇ ಟಿ.ಸಿ. ಮೇಲೆ ಎಲ್ಲರ ಮೋಟಾರೂ ಆಟೋದಲ್ಲಿ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಬಿಲ್ ಬಾರದಿದ್ದರೂ ಸುಟ್ಟ ಕಾಯಿಲ್ ರೂಪದಲ್ಲಿ ಅದನ್ನು ನಾವೇ ಕಟ್ಟುತ್ತಿದ್ದೇವೆ.

ಹೊಸದು ಯಾವಾಗ?

ನಮ್ಮ ಸಂಘಗಳಲ್ಲಿ ಈಗ ನಾವು ಪಾಲಿಸುವ ನಿಯಮ ಹೀಗಿದೆ. ಈ ನಾಲ್ಕರಲ್ಲಿ ಒಂದಿದ್ದರೂ ಹೊಸದಕ್ಕೆ ಸಾಲ ಕೊಡಬಹುದು.

1. ಒಳಗಿನ ಕಬ್ಬಿಣದ ಪಟ್ಟಿಗಳು ಸುಟ್ಟು ಅಥವಾ ಉಜ್ಜಿ ಹಾಳಾಗಿದ್ದರೆ, ಶಾಫ್ಟ್ ಸವೆದಿದ್ದರೆ, ಮೈ ತೂತಾಗಿದ್ದರೆ.

2. ಆ ಮೋಟಾರಿನ ಬಿಡಿಭಾಗ ಈಗ ಸಿಗುತ್ತಿಲ್ಲವಾದರೆ.

3. ನೀರಿನ ಮಟ್ಟ ಇಳಿದು, ಈಗಿರುವ ಎಚ್‌.ಪಿ. ಬೋರಿಗೆ ಹೊಂದುತ್ತಿಲ್ಲವಾದರೆ. ನೀರು ಕಡಿಮೆಯಾಯಿತು ಎಂದು ದೊಡ್ಡ ಮೋಟಾರು ತಂದರೆ ಅದು ಇರುವ ನೀರನ್ನೂ ಬೇಗ ಎಳೆದು ಗಾಳಿ ಕುಡಿಯುತ್ತದೆ. ಪಕ್ಕದವರ ಎಚ್‌.ಪಿ. ನೋಡಿ ಕೊಳ್ಳಬೇಡಿ. ನಿಮ್ಮ ಬೋರಿನ ಆಳ, ನೀರಿನ ಇಳುವರಿ ಹೇಳಿ ಕೊಳ್ಳಿ.

4. ಎರಡು ಸಲ ಕಟ್ಟಿಸಿಯಾಗಿದ್ದು, ಈಗಿನ ರಿಪೇರಿ ಖರ್ಚು ಹೊಸದರ ಅರ್ಧ ದಾಟುತ್ತಿದ್ದರೆ.

ಹೊಸದು ಕೊಳ್ಳುವಾಗ ಐ.ಎಸ್‌.ಐ. ಗುರುತು ನೋಡಿ. ಬೋರಿನ ಪಂಪ್‌ಸೆಟ್‌ಗೆ ಅದರ ಸಂಖ್ಯೆ ಐ.ಎಸ್‌. 8034. ಕರೆಂಟ್ ಉಳಿತಾಯದ ಸ್ಟಾರ್ ಚೀಟಿ ಇದ್ದರೆ ಒಳ್ಳೆಯದು. ಬಿಲ್ ತೆಗೆದುಕೊಳ್ಳಿ. ಗ್ಯಾರಂಟಿ ಕಾರ್ಡಿನ ಹಿಂಬದಿಯನ್ನು ಶಾಲೆಗೆ ಹೋಗುವ ಮಗುವಿನಿಂದ ಓದಿಸಿ. ಕಾಯಿಲ್ ಕಟ್ಟಿಸುವುದಾದರೆ, ಹಾಕುವ ತಾಮ್ರದ ತಂತಿ ಎಷ್ಟು ದಪ್ಪ, ಎಷ್ಟು ತೂಕ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆಯ ತಾಮ್ರ ನಿಮ್ಮದು, ಅದರ ಬೆಲೆ ಕಳೆಯಲು ಕೇಳಿ. ನೀರು ತುಂಬುವ ಮಾದರಿಯ ಮೋಟಾರಾದರೆ ಇಳಿಸುವ ಮೊದಲು ಒಳಗೆ ಶುದ್ಧ ನೀರು ತುಂಬಿದ್ದಾರೆಯೇ ಎಂದು ನಿಂತು ನೋಡಿ. ಬೋರಿನ ತಳಕ್ಕೆ ತಾಗಿಸಿ ಬಿಡಬೇಡಿ, ಕೆಸರಿನಲ್ಲಿ ಕೂರುತ್ತದೆ.

ಕೊನೆಗೆ ಏನಾಯಿತು?

ಆ ಐದು ಮನೆಯವರು ಏನು ಮಾಡಿದರು ಎಂದು ನೀವು ಕೇಳಬಹುದು. ಸುಟ್ಟ ಹೊಸ ಮೋಟಾರನ್ನೇ ಕಟ್ಟಿಸಿದರು. ಸ್ಟಾರ್ಟರಿಗೆ, ನೀರು ನಿಂತರೆ ಮೋಟಾರನ್ನು ನಿಲ್ಲಿಸುವ, ಫೇಸ್ ಹೋದರೂ ನಿಲ್ಲಿಸುವ ಸಾಧನ ಹಾಕಿಸಿದರು. ಟೈಮರ್ ಇಟ್ಟು ಅರ್ಧ ಗಂಟೆ ಓಟ, ಒಂದು ಗಂಟೆ ವಿಶ್ರಾಂತಿ ಎಂದು ಮಾಡಿದರು. ದಪ್ಪ ತಂತಿ ತೆಗೆದು ಸರಿಯಾದ ಫ್ಯೂಸ್ ಹಾಕಿದರು. ಬೇಸಿಗೆಗೆ ಟೊಮೆಟೊ ಕಡಿಮೆ ಮಾಡಿ, ಇರುವ ನೀರಿಗೆ ತಕ್ಕಷ್ಟೇ ನಾಟಿ ಮಾಡಿದರು. ಆ ಸಾಧನಗಳ ಖರ್ಚು ಕಾಯಿಲ್ ಕಟ್ಟಿಸಿದ ಖರ್ಚಿಗಿಂತ ಕಡಿಮೆ. ಆ ಮೋಟಾರು ಇನ್ನೂ ಓಡುತ್ತಿದೆ.

ಸಾಲದ ಕಂತನ್ನು ಸಂಘ ಮುಂದಕ್ಕೆ ಹಾಕಿತು. ತಪ್ಪು ಸಲಹೆ ಕೊಟ್ಟವರು ನಾವು. ಆದ್ದರಿಂದ ಆ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆ, ಮುಖ್ಯವಾಗಿ ಆ ತಾಯಿಯ ಮುಂದೆ, ಕ್ಷಮೆ ಕೇಳಿದೆವು. ಅವರು, “ಬುಡಿ ಸಿಸ್ಟ್ರೆ, ನಾನು ಬಾವಿ ನೋಡ್ದೆ, ನೀವು ಮೋಟ್ರು ನೋಡುದ್ರಿ” ಎಂದರು. ಹುಡುಗಿ ಮತ್ತೆ ಶಾಲೆಗೆ ಬಂದಳು. ಆದರೆ ಒಂದು ವರ್ಷ ಹಿಂದೆ ಬಿದ್ದಳು. ಆ ಒಂದು ವರ್ಷವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ರಾತ್ರಿ ಪಾಳಿಯ ಕರೆಂಟ್ ಮಾತ್ರ ಒಂದು ಸಂಘದಿಂದ ಪರಿಹಾರವಾಗುವ ವಿಷಯ ಅಲ್ಲ. ಕಾಡಂಚಿನ ಹಳ್ಳಿಗಳಿಗೆ ಹಗಲು ತ್ರೀ ಫೇಸ್ ಕೊಡಿ ಎಂದು ಒಕ್ಕೂಟದಿಂದ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆಯಬೇಕು. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಸಹಾಯಧನ ಇದೆ. ಸೂರ್ಯ ಹಗಲಲ್ಲೇ ಬರುವುದರಿಂದ ನಮ್ಮಂಥ ಕಡೆ ಅದು ಯೋಚಿಸತಕ್ಕ ದಾರಿ. ಆದರೆ ಅದಕ್ಕೂ ಮೊದಲು ಬೋರಿನ ನೀರು ಅಳೆಯಿರಿ.

ಕೊನೆಯದಾಗಿ ಒಂದು ಕೆಲಸ. ಒಂದು ಬೋರು ಹಂಚಿಕೊಳ್ಳುವ ಐದು ಮನೆಯವರು ತಿಂಗಳಿಗೆ ನೂರು ರೂಪಾಯಿಯಂತೆ ಎತ್ತಿಟ್ಟರೆ ವರ್ಷಕ್ಕೆ 6,000 ರೂ. ಆಗುತ್ತದೆ. ಅದಕ್ಕೆ ಬೇರೆ ಪುಸ್ತಕ ಇಡಿ. ಅದೇ ಪುಸ್ತಕದಲ್ಲಿ ಮೋಟಾರು ಯಾವಾಗ ತಂದದ್ದು, ಯಾವಾಗ ಸುಟ್ಟದ್ದು, ಯಾಕೆ ಸುಟ್ಟದ್ದು, ಡ್ರಮ್ ತುಂಬಲು ಎಷ್ಟು ನಿಮಿಷ, ಎಲ್ಲ ಬರೆಯಿರಿ. ಮುಂದಿನ ತಿಂಗಳ ಸಭೆಗೆ ಆ ಪುಸ್ತಕ ತನ್ನಿ. ಮೋಟಾರು ಸಾಲದ ಅರ್ಜಿಯಲ್ಲಿ ಇನ್ನು ಮೇಲೆ ‘ಎಷ್ಟು ಬೇಕು’ ಎಂಬ ಸಾಲಿನ ಮೇಲೆ ‘ಯಾಕೆ ಸುಟ್ಟಿತು’ ಎಂಬ ಸಾಲು ಇರುತ್ತದೆ. ಅದು ಖಾಲಿ ಇದ್ದರೆ ಅರ್ಜಿಯನ್ನು ವಾಪಸು ಕೊಡುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಮತ್ತೆ, ಸಭೆಯಲ್ಲಿ ಹಿಂದೆ ಕೂತವರು ಏನಾದರೂ ಕೇಳಿದರೆ ದಯವಿಟ್ಟು ನಗಬೇಡಿ.